ಯಜಮಾನರ ತಬಲಾ, ಹೊಸಬರ ಬೈಠಕ್: ಟ್ರಸ್ಟ್ ಮಾಡುವ ಮುನ್ನ

ಓದುಗರ ಪ್ರಶ್ನೆ:

"ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕೋಥ್ರೂಡಿನಲ್ಲಿ ಮನೆ. ವಯಸ್ಸು 56. ಹಿಂದೂಸ್ತಾನಿ ಹಾಡುತ್ತೇನೆ. ಯಜಮಾನರು ಬ್ಯಾಂಕಿನಲ್ಲಿದ್ದರು, ತಬಲಾ ಬಾರಿಸುತ್ತಿದ್ದರು. ನನ್ನ ಎಲ್ಲ ಕಾರ್ಯಕ್ರಮಗಳಿಗೂ ಅವರದೇ ಸಾಥ್. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಹೋಗಿಬಿಟ್ಟರು. ಅವತ್ತಿನಿಂದ ನಾನು ಹಾಡಿಲ್ಲ. ಕೂತರೆ ತಾರ ಷಡ್ಜಕ್ಕೆ (ಮೇಲಿನ ಸಾ) ಹೋಗುವಷ್ಟರಲ್ಲಿ ದನಿ ಒಡೆಯುತ್ತದೆ. ರಿಯಾಜಿನ (ಅಭ್ಯಾಸದ) ಕೋಣೆಗೆ ಬೀಗ ಹಾಕಿದ್ದೇನೆ. ಒಳಗೆ ಅವರ ಆರು ಜೊತೆ ತಬಲಾ, ಒಂದು ಹಾರ್ಮೋನಿಯಂ, ನನ್ನ ಎರಡು ತಂಬೂರಿ ಇವೆ. ಅವರು ಹೊಸ ಹುಡುಗರಿಗೆ ದುಡ್ಡು ತಗೊಳ್ಳದೆ ಸಾಥ್ ಮಾಡುತ್ತಿದ್ದರು. ಅದನ್ನು ಮುಂದುವರಿಸಬೇಕು ಅಂತ ನನಗೆ ಆಸೆ. ಅವರ ಉಳಿತಾಯ ಸುಮಾರು 18 ಲಕ್ಷ ಇದೆ. ಇಲ್ಲಿನ ಕನ್ನಡ ಬಳಗದವರು ವರ್ಷಾಂತಿಕಕ್ಕೆ ದೊಡ್ಡ ಸ್ಮೃತಿ ಸಮಾರೋಹ ಮಾಡಿ, ಪ್ರಶಸ್ತಿ ಇಡಿ ಅನ್ನುತ್ತಾರೆ. ಮೈದುನರು ಟ್ರಸ್ಟ್ ಮಾಡಿ, ಫ್ಲ್ಯಾಟನ್ನೂ ಅದಕ್ಕೆ ಬರೆದುಬಿಡಿ ಅನ್ನುತ್ತಾರೆ. ಮಗ ಏನೂ ಹೇಳುವುದಿಲ್ಲ. ಅತ್ತೆ ಧಾರವಾಡದಲ್ಲಿದ್ದಾರೆ. ಒಬ್ಬರು ಹಿರಿಯರಂತೂ 'ಈ ದುಃಖವೇ ನಿನ್ನ ಹಾಡನ್ನು ಪಕ್ವ ಮಾಡುತ್ತದೆ' ಅಂದರು. ಹಾಡಲಾರದವಳು ಇನ್ನೊಬ್ಬರ ಹಾಡಿಗೆ ಏನು ಮಾಡಲಿ? ಕಾರ್ಯಕ್ರಮ ಮಾಡಿದರೆ ಕನ್ನಡದವರಿಗಷ್ಟೇ ಮಾಡಲಾ, ಎಲ್ಲರಿಗೂ ಮಾಡಲಾ? ದಯವಿಟ್ಟು ತಿಳಿಸಿ."

ಉತ್ತರ:

ಅಕ್ಕಾವರೇ, ನಿಮ್ಮ ಪತ್ರದಲ್ಲಿ ಮೂರು ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ನಿಮ್ಮ ಹಾಡು, ಹೊಸಬರಿಗೆ ಮಾಡಬೇಕಾದ ಸಹಾಯ, ಯಜಮಾನರ ನೆನಪು. ಸುತ್ತಲಿನವರು ಮೂರನ್ನೂ ಒಂದೇ ಸಮಾರೋಹದಲ್ಲಿ ಮುಗಿಸಿಬಿಡಲು ನೋಡುತ್ತಿದ್ದಾರೆ. ನನ್ನ ಕಸುಬು ಲೆಕ್ಕ ಪರಿಶೋಧನೆ. ಪುಣೆ, ಮುಂಬೈಯ ಸಣ್ಣಪುಟ್ಟ ಸಂಗೀತ ಸಂಸ್ಥೆಗಳ ಜಮಾ-ಖರ್ಚು ನೋಡುತ್ತೇನೆ. ಹಾಗಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರಸ್ಟ್ ಈ ವರ್ಷ ಬೇಡ. ಫ್ಲ್ಯಾಟನ್ನು ಬರೆದುಕೊಡುವುದಂತೂ ಯಾವ ವರ್ಷವೂ ಬೇಡ.

ಮೊದಲು ಹಾಡಿನ ಮಾತು. ಇದು ನನ್ನ ಕ್ಷೇತ್ರವಲ್ಲ. ಆದರೆ ಕಲಾವಿದರ ಮನೆಗಳಿಗೆ ಹೋಗಿಬಂದು ಕಂಡದ್ದಿದೆ, ಡಾಕ್ಟರುಗಳಿಂದ ಕೇಳಿದ್ದಿದೆ.

ದುಃಖ ಹಾಡನ್ನು ಪಕ್ವ ಮಾಡುತ್ತದೆ ಅನ್ನುವವರು ಸಾಮಾನ್ಯವಾಗಿ ಕುಮಾರ ಗಂಧರ್ವರ ಹೆಸರು ತೆಗೆಯುತ್ತಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹುಡುಗ, ಮುಂಬೈಯಲ್ಲಿ ದೇವಧರ ಮಾಸ್ತರರ ಹತ್ತಿರ ಕಲಿತವರು. ಕ್ಷಯ ಬಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು, ವರ್ಷಗಟ್ಟಲೆ ಹಾಡಲಿಲ್ಲ, ಆಮೇಲೆ ಬಂದ ಹಾಡೇ ಬೇರೆ. ಇಷ್ಟೂ ನಿಜ. ಆದರೆ ಕಥೆ ಹೇಳುವವರು ನಡುವಿನ ಭಾಗ ಬಿಟ್ಟುಬಿಡುತ್ತಾರೆ. ಅವರು ಎದ್ದು ಕೂತದ್ದು ಸ್ಟ್ರೆಪ್ಟೊಮೈಸಿನ್ ಔಷಧದಿಂದ, ಹೆಂಡತಿ ಭಾನುಮತಿಯವರ ಆರೈಕೆಯಿಂದ. ಮತ್ತೆ ಹಾಡಿದ್ದು 1953ರಲ್ಲಿ. ಮಲಗಿದ್ದಾಗ ಅವರು ಮಾಳವದ ಜನರ ಹಾಡುಗಳನ್ನು ಕಿವಿಗೊಟ್ಟು ಕೇಳುತ್ತಿದ್ದರು. ನೋವು ತಾನಾಗಿ ಯಾರಿಗೂ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಕಲಿಸುವುದಿಲ್ಲ. ಆ ಹಿರಿಯರ ಮಾತನ್ನು ಹಾರೈಕೆ ಅಂತ ತಗೊಳ್ಳಿ, ಮೈಮೇಲೆ ಹೇರಿಕೊಳ್ಳಬೇಡಿ.

ಇನ್ನು ದನಿ ಒಡೆಯುವುದು. ನೀವು ಇದನ್ನು ಪೂರ್ತಿ ದುಃಖದ ಖಾತೆಗೆ ಬರೆದಿದ್ದೀರಿ. ನಾನಾಗಿದ್ದರೆ ಅಷ್ಟು ಬೇಗ ಬರೆಯುತ್ತಿರಲಿಲ್ಲ. ನಿದ್ದೆ ಸರಿಯಿಲ್ಲದಿದ್ದರೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತರೆ, ಕುತ್ತಿಗೆ-ದವಡೆಯ ಸ್ನಾಯು ಬಿಗಿದುಕೊಂಡರೆ ದನಿ ಹಿಡಿಯುತ್ತದೆ. ಅದು ದುಃಖದಿಂದ ಆಗುವಂಥದ್ದೇ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸ್ವಲ್ಪ ಕೆಳಗಿಳಿಯುವುದೂ ಇದೆ, ಮೇಲಿನ ಸ್ವರ ಕಷ್ಟವಾಗುವುದೂ ಇದೆ. ಎಂಟು ತಿಂಗಳು ರಿಯಾಜ್ ಇಲ್ಲದ ಗಂಟಲಂತೂ ಯಾರದಾದರೂ ತಕರಾರು ಮಾಡುತ್ತದೆ. ದನಿ ಒಂದು ತಿಂಗಳಿಗಿಂತ ಜಾಸ್ತಿ ಹೀಗೇ ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಬೇಕು. ನಿಮ್ಮದು ಆ ಗಡುವು ಯಾವಾಗಲೋ ದಾಟಿದೆ. ಈ ವಾರವೇ ಹೋಗಿ. ಸ್ವರತಂತುಗಳನ್ನು ಕ್ಯಾಮೆರಾದಲ್ಲಿ ನೋಡಿಬಿಡುತ್ತಾರೆ. ನೀವು ಕಾಳಿ ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕರಿ ಮನೆ) ಹಾಡುತ್ತಿದ್ದರೆ ಅರ್ಧ ಸ್ವರ ಕೆಳಗಿನ ಪಾಂಢರಿ ಐದಕ್ಕೆ (ಐದನೇ ಬಿಳಿ ಮನೆ) ಇಳಿಯುವುದರಲ್ಲಿ ನಾಚಿಕೆ ಏನೂ ಇಲ್ಲ. ಪುಣೆಯ ಕಲಾವಿದರಲ್ಲಿ ಇದು ಆಗುತ್ತಲೇ ಇರುತ್ತದೆ, ಯಾರೂ ಡಂಗುರ ಹೊಡೆಯುವುದಿಲ್ಲ ಅಷ್ಟೇ.

ದುಃಖ ಎಷ್ಟು ದಿನ ಇರಬೇಕು ಅನ್ನುವುದಕ್ಕೆ ಪಂಚಾಂಗ ಇಲ್ಲ. ಐದು ಮೆಟ್ಟಿಲು ಹತ್ತಿ ಇಳಿದರೆ ಮುಗಿಯಿತು ಅನ್ನುವ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಆ ಐದು ಮೆಟ್ಟಿಲನ್ನು 1969ರಲ್ಲಿ ಮೊದಲು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಮನಸ್ಸಿನ ಬಗ್ಗೆ. ಹಿಂದೆ ಉಳಿದವರು ಅದೇ ಸಾಲಿನಲ್ಲಿ ನಡೆಯಬೇಕೆಂದೇನೂ ಇಲ್ಲ. ಆದರೂ ಒಂದು ಎಚ್ಚರಿಕೆ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರು ತಿಂಗಳು, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಒಂದು ವರ್ಷ ಕಳೆದ ಮೇಲೂ ದಿನಾ ತಡೆಯಲಾರದ ಹಂಬಲ ಇದ್ದು, ಮನೆಕೆಲಸ, ಊಟ, ಜನರ ಸಂಪರ್ಕ ಎಲ್ಲ ನಿಂತುಹೋಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು ಅನ್ನುತ್ತಾರೆ. ನಿಮ್ಮ ಪತ್ರದಲ್ಲಿ ಆಸೆ ಇದೆ, ಲೆಕ್ಕ ಇದೆ, ಮೈದುನರ ಮೇಲೆ ಸಣ್ಣ ಸಿಟ್ಟೂ ಇದೆ. ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು. ಆದರೆ ರಾತ್ರಿ ಹೊತ್ತು ಬದುಕೇ ಬೇಡ ಅನ್ನಿಸುತ್ತಿದ್ದರೆ ಯಾರಿಗೂ ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಹಾಡಲಾರದವಳು ಇನ್ನೊಬ್ಬರಿಗೆ ಏನು ಮಾಡಲಿ ಅಂತ ಕೇಳಿದ್ದೀರಿ. ಬೇಕಾದಷ್ಟು ಮಾಡಬಹುದು. ಅದಕ್ಕೆ ಹಾಡಿನ ಲೈಸೆನ್ಸ್ ಬೇಡ, ಕಿವಿ ಸಾಕು. ಆದರೆ ಹೊಸಬರ ಕೆಲಸದ ಹಿಂದೆ ಅಡಗಿಕೊಂಡು ನಿಮ್ಮ ರಿಯಾಜನ್ನು ಮುಂದೂಡಬೇಡಿ. ನಿಮಗೆ ಮುಳ್ಳಾಗಿರುವುದು ಬಹುಶಃ ಠೇಕಾ, ಅಂದರೆ ತಬಲಾದಲ್ಲಿ ತಾಲ ಹಿಡಿಯುವ ಬೋಲು. ಅಷ್ಟು ವರ್ಷ ಒಂದೇ ಕೈಯ ಏಕತಾಲ ಕೇಳಿದ ಕಿವಿ ಅದು. ಹಾಗಾದರೆ ಸದ್ಯಕ್ಕೆ ತಾಲವೇ ಬೇಡ. ತಂಬೂರಿ, ಮಂದ್ರದ ಖರಜ (ಕೆಳಗಿನ ಸ್ವರಗಳ ಅಭ್ಯಾಸ), ಹತ್ತು ನಿಮಿಷ. ಬಂದಿಶ್ ಬೇಡ, ಆಲಾಪದ ಆಚೆ ಹೋಗುವುದೂ ಬೇಡ. ಉಳಿದದ್ದು ಆಮೇಲೆ.

ಈಗ ಸಮಾರೋಹ.

ಪುಣೆಯಲ್ಲಿ ಕೂತು ಸ್ಮೃತಿ ಸಮಾರೋಹ ಬೇಡ ಅನ್ನುವುದು ಕಷ್ಟ. ಕುಂದಗೋಳದ ಗಾಯಕ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಶಿಷ್ಯ ಭೀಮಸೇನ ಜೋಶಿ ಶುರು ಮಾಡಿದ ಉತ್ಸವ ಇವತ್ತು ಡಿಸೆಂಬರಿನ ದೊಡ್ಡ ಜಾತ್ರೆ. ಮುಂಬೈಯಲ್ಲಿ ತಬಲಾದ ಉಸ್ತಾದ್ ಅಲ್ಲಾರಖಾ 2000ದ ಫೆಬ್ರವರಿ 3ರಂದು ಹೋದರು, ಮಗಳು ರಜಿಯಾ ತೀರಿಕೊಂಡ ಮರುದಿನವೇ. ಆಮೇಲೆ ಮಗ ಜಾಕಿರ್ ಹುಸೇನರು ಆ ತಾರೀಖಿಗೆ ವರ್ಷ ವರ್ಷ ಅಪ್ಪನ ಬರಸಿ (ಪುಣ್ಯತಿಥಿಯ ಕಛೇರಿ) ಮಾಡಿದರು. ಇವೆರಡನ್ನೂ ನೋಡಿ ನಿಮ್ಮ ಬಳಗದವರಿಗೆ ಉಮೇದು ಬಂದಿದ್ದರೆ ತಪ್ಪೇನಿಲ್ಲ. ಆದರೆ ಇವು ಉಳಿದುಬಂದದ್ದು ಯಾಕೆ ಅಂತ ನೋಡಿ. ವೇದಿಕೆಗೆ ತಾವೇ ಜೀವ ತುಂಬಬಲ್ಲ, ಜನ ಟಿಕೆಟ್ ಕೊಂಡು ಕೇಳುವ ಕಲಾವಿದರು ದಶಕಗಟ್ಟಲೆ ಮೈಮುರಿದು ದುಡಿದರು. ಬೆನ್ನಿಗೆ ಮಂಡಳಿ ಇತ್ತು, ಶಿಷ್ಯರ ಪಡೆ ಇತ್ತು.

ನಾನು ಲೆಕ್ಕ ನೋಡುವ ಸಣ್ಣ ಸಮಾರೋಹಗಳ ಕಥೆ ಬೇರೆ. ಮೊದಲ ವರ್ಷ ಹೌಸ್‌ಫುಲ್. ಹಾಲ್ ಬಾಡಿಗೆ, ಧ್ವನಿವರ್ಧಕ, ಮಂಟಪ, ದೊಡ್ಡ ಹೆಸರಿನ ಕಲಾವಿದರ ಬಿದಾಗಿ (ಸಂಭಾವನೆ), ಶಾಲು-ಶ್ರೀಫಲ, ಸ್ಮರಣ ಸಂಚಿಕೆ. ಮೂರನೇ ವರ್ಷಕ್ಕೆ ಜಾಹೀರಾತು ಕೇಳಿಕೊಂಡು ಮನೆಯವರೇ ಅಂಗಡಿ ಅಂಗಡಿ ತಿರುಗುತ್ತಾರೆ. ಅಲ್ಲಿ ಹೊಸ ಕಲಾವಿದರ ಪಾಲಿಗೆ ಬರುವುದು ಸಂಜೆ ಐದೂವರೆಯ ಹೊತ್ತು. ಅರ್ಧ ತಾಸು ಅಂತ ಹೇಳಿರುತ್ತಾರೆ. ದೀಪ ಬೆಳಗಿಸಿ, ಹಾರ-ತುರಾಯಿ ಆಗಿ, ನಾಲ್ವರ ಭಾಷಣ ಮುಗಿದಾಗ ಹದಿನೈದು ನಿಮಿಷ ಉಳಿದಿರುತ್ತದೆ. ತಂಬೂರಿ ಶ್ರುತಿ ಮಾಡಿಕೊಂಡು ಒಳಕೋಣೆಯಲ್ಲಿ ಕಾದ ಹುಡುಗಿ ನಿಧಾನಗತಿಯ ಬಡಾ ಖಯಾಲ್ ಬಿಟ್ಟು ಬರೀ ಚುರುಕಿನ ಛೋಟಾ ಖಯಾಲ್ ಹಾಡಿ ಇಳಿಯುತ್ತಾಳೆ. ಕೈಗೆ ಒಂದು ಫಲಕ. ತಬಲಾದವನಿಗೆ ಕೊಡುವುದು ಅವಳೇ, ತನ್ನ ಜೇಬಿನಿಂದ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಿಮ್ಮ ಯಜಮಾನರು ತುಂಬಿಕೊಡುತ್ತಿದ್ದದ್ದು ಇದೇ ಕೊರತೆಯನ್ನು. ಈ ಊರಿಗೆ ಧಾರವಾಡ, ಬೆಳಗಾವಿ, ಕಲಬುರಗಿಯಿಂದ ಬಂದು ಪಿಜಿಯಲ್ಲಿದ್ದು ಕಲಿಯುವವರಿಗೆ ಪ್ರಶಸ್ತಿಗೆ ಬರ ಇಲ್ಲ. ಪೂರ್ತಿ ಒಂದು ತಾಸು ಹಾಡಲು ಜಾಗ ಇಲ್ಲ. ತಪ್ಪಾದರೂ ನಡೆಯುತ್ತದೆ ಅನ್ನುವಂಥ ಮನೆಯ ಕೇಳುಗರಿಲ್ಲ. ಸಾಥಿದಾರರಿಗೆ ಕೊಡಲು ದುಡ್ಡಿಲ್ಲ. ಪಿಜಿಯಲ್ಲಿ ಬೆಳಗಿನ ಐದಕ್ಕೆ ಖರಜ ಹಿಡಿದರೆ ಪಕ್ಕದವರು ಬಾಗಿಲು ಬಡಿಯುತ್ತಾರೆ. ನಿಮ್ಮ ಬೀಗ ಹಾಕಿದ ಕೋಣೆ ಅವರಿಗೆ 18 ಲಕ್ಷಕ್ಕಿಂತ ದೊಡ್ಡದು.

ಹಣದ ಮಾತಿಗೆ ಬರೋಣ. ಇಲ್ಲಿ ಒಂದು ವಿಷಯ ನಿಮಗೆ ಯಾರೂ ಹೇಳಿದ ಹಾಗೆ ಕಾಣಲಿಲ್ಲ. ಯಜಮಾನರು ವಿಲ್ ಬರೆದಿದ್ದಾರಾ? ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಹಣ ಹೆಂಡತಿಗೆ ಮಾತ್ರ ಬರುವುದಿಲ್ಲ. ಹೆಂಡತಿ, ಮಕ್ಕಳು, ತಾಯಿ, ಮೂವರೂ ಮೊದಲ ದರ್ಜೆಯ ವಾರಸುದಾರರು, ಸಮಪಾಲು. ಅತ್ತೆ ಇದ್ದಾರೆ, ಒಬ್ಬನೇ ಮಗ ಇದ್ದಾನೆ ಅಂತಾದರೆ 18ರಲ್ಲಿ ನಿಮ್ಮದು 6 ಲಕ್ಷ. ನಾಮಿನಿ ನಾನೇ ಅಂತ ನೀವು ಹೇಳಬಹುದು. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ, ನಿಜ. ಆದರೆ ನಾಮಿನಿ ಮಾಲೀಕರಲ್ಲ. ವಾರಸುದಾರರ ಪರವಾಗಿ ಹಿಡಿದುಕೊಂಡವರು ಅಷ್ಟೇ. ಫ್ಲ್ಯಾಟಿನಲ್ಲಿ ಅವರ ಪಾಲಿಗೂ ಇದೇ ನಿಯಮ. ಮಗ ಏನೂ ಹೇಳುವುದಿಲ್ಲ ಅಂದಿರಿ. ಮೌನವನ್ನು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಒಮ್ಮೆ ಅವನನ್ನು ಕರಕೊಂಡು ಧಾರವಾಡಕ್ಕೆ ಹೋಗಿ ಅತ್ತೆಯ ಎದುರು ಕೂತು ಮಾತಾಡಿ. ಅವರೂ ಮಗನನ್ನು ಕಳಕೊಂಡವರು ಅಲ್ವಾ? ಅವರು ತಮ್ಮ ಪಾಲನ್ನು ಮನಸಾರೆ ಬಿಟ್ಟುಕೊಟ್ಟರೆ ವಕೀಲರಿಂದ ಬರವಣಿಗೆಯಲ್ಲಿ ಮಾಡಿಸಿ. ಮೈದುನರು ಆ ಮಾತುಕತೆಗೆ ಸಾಕ್ಷಿಯಾಗಲಿ. ತೀರ್ಮಾನ ಮಾಡುವವರಾಗುವುದು ಬೇಡ.

ನಿಮ್ಮ ಆರೋಗ್ಯ ವಿಮೆ, ಎರಡು ವರ್ಷದ ಮನೆಖರ್ಚು ಬೇರೆ ಎತ್ತಿಡಿ. ಉಳಿದದ್ದರಲ್ಲಿ ಅಸಲು ಮುಟ್ಟಬೇಡಿ. ಶೇಕಡ 7ರ ಬಡ್ಡಿ ಅಂತ ಹಿಡಿದರೆ, ಪೂರ್ತಿ 6 ಲಕ್ಷ ಉಳಿದರೂ ವರ್ಷಕ್ಕೆ 42,000, ಅಂದರೆ ತಿಂಗಳಿಗೆ 3,500. ಎಲ್ಲರೂ ಒಪ್ಪಿ 18 ಲಕ್ಷವೂ ಇದಕ್ಕೇ ಬಂತು ಅನ್ನಿ, ತಿಂಗಳಿಗೆ 10,500. ಹಾಲ್ ಹಿಡಿದು ಸಮಾರೋಹ ಮಾಡಿದರೆ ಇದು ಒಂದು ಸಂಜೆಗೂ ಸಾಲುವುದಿಲ್ಲ. ಮನೆ ಬೈಠಕ್‌ಗಾದರೆ, ಅಂದರೆ ಮನೆಯಲ್ಲೇ ಕೂತು ಕೇಳುವ ಸಣ್ಣ ಕಛೇರಿಗಾದರೆ, ಧಾರಾಳ. ಹಾಡುವವರಿಗೆ 4,000, ತಬಲಾ ಮತ್ತು ಹಾರ್ಮೋನಿಯಂಗೆ ತಲಾ 2,500, ಚಹಾ-ಉಪ್ಪಿಟ್ಟಿಗೆ ಸಾವಿರ ಅಂದರೂ 10,000ದಲ್ಲಿ ಮುಗಿಯುತ್ತದೆ. 3,500 ಮಾತ್ರ ಇದ್ದರೆ ಮೂರು ತಿಂಗಳಿಗೊಮ್ಮೆ ಮಾಡಿ. ಸಾಥಿದಾರರ ಸಂಭಾವನೆ ಮಾತ್ರ ಕಡಿಮೆ ಮಾಡಬೇಡಿ. 'ಅನುಭವ ಸಿಗುತ್ತೆ, ಬಾ' ಅಂತ ಕರೆಯುವ ಮನೆಗಳು ಪುಣೆಯಲ್ಲಿ ಈಗಾಗಲೇ ಬೇಕಾದಷ್ಟಿವೆ. ಯಜಮಾನರು ದುಡ್ಡು ತಗೊಳ್ಳದೆ ಬಾರಿಸಿದರು, ಸರಿ. ಅವರಿಗೆ ಬ್ಯಾಂಕಿನ ಸಂಬಳ ಇತ್ತು. ಇಪ್ಪತ್ತೆರಡರ ಹುಡುಗನಿಗೆ ಅದೇ ಧರ್ಮ ಹೇಳಲಾಗದು.

ಬೈಠಕ್ ಅಂದರೆ ಮೈಕ್ ಇಲ್ಲದೆ ಇಪ್ಪತ್ತು-ಇಪ್ಪತ್ತೈದು ಜನ. ಸೊಸೈಟಿಯ ಕಾರ್ಯದರ್ಶಿಗೆ ಮೊದಲೇ ಒಂದು ಚೀಟಿ ಕೊಡಿ, ಮೊದಲ ಬೈಠಕ್‌ಗೆ ಅವರನ್ನೇ ಕರೆದು ಮುಂದೆ ಕೂರಿಸಿ. ರಾತ್ರಿ ಹತ್ತರೊಳಗೆ ಮುಗಿಸಿ. ಧ್ವನಿವರ್ಧಕದ ನಿಯಮ ನಿಮಗೆ ತಾಗುವುದಿಲ್ಲ. ಆದರೆ ಪಕ್ಕದ ಮನೆಯ ಮಗುವಿನ ಪರೀಕ್ಷೆ ತಾಗುತ್ತದೆ.

ಆ ಕೋಣೆಯ ವಿಚಾರ. ಮಳೆಗಾಲದಲ್ಲೂ ಬೀಗ ತೆಗೆದಿಲ್ಲ ಅಂತಾದರೆ ಬೇಗ ತೆಗೆಯಿರಿ. ಬಾರಿಸದೆ ಇಟ್ಟ ತಬಲಾ ಹಾಳಾಗುತ್ತದೆ. ತೇವಕ್ಕೆ ಎಡಗೈಯ 'ಬಾಯಾ'ದ ಚರ್ಮ ಸಡಿಲಾಗುತ್ತದೆ, 'ಪುಡಿ' ಅನ್ನುವ ಚರ್ಮದ ಹೊದಿಕೆಯ ಅಂಚಿಗೆ ಬೂಷ್ಟು ಹಿಡಿಯುತ್ತದೆ, ನಡುವಿನ ಕಪ್ಪು ಶಾಯಿ ಬಿರುಕು ಬಿಟ್ಟು ಕರಿ ಪುಡಿಯಾಗಿ ಉದುರುತ್ತದೆ. ತಂಬೂರಿಯ ಸೋರೆಬುರುಡೆಗೂ ಇದೇ ಗತಿ. ಒಬ್ಬರೇ ತೆಗೆಯಬೇಡಿ. ಅವರ ಶಿಷ್ಯರಲ್ಲಿ ಒಬ್ಬರನ್ನು ಕರೆದುಕೊಳ್ಳಿ. ಕೆಳಗೆ ಇಡುವ ಸಿಂಬಿ, ಸಣ್ಣ ಸುತ್ತಿಗೆ, ಟಾಲ್ಕಂ ಪೌಡರಿನ ಡಬ್ಬಿ, ಇವೆಲ್ಲ ಅಲ್ಲೇ ಸಿಗುತ್ತವೆ. ವಾದ್ಯಕ್ಕಿಂತ ಜಾಸ್ತಿ ಕಾಡುವುದು ಇಂಥವೇ. ಅವರು ದಿನಾ ಬಾರಿಸುತ್ತಿದ್ದ ಒಂದು ಜೊತೆಯನ್ನು ನಿಮಗಾಗಿ ಇಟ್ಟುಕೊಳ್ಳಿ, ಯಾರು ಕೇಳಿದರೂ ಕೊಡಬೇಡಿ. ಉಳಿದ ಐದನ್ನು ರಿಪೇರಿ ಮಾಡಿಸಿ, ಯಾವುದು ಯಾವ ಪಟ್ಟಿಗೆ (ಶ್ರುತಿಗೆ) ಕೂರುತ್ತದೆ ಅಂತ ಚೀಟಿ ಅಂಟಿಸಿ, ಎರವಲು ಕೊಡಿ. ಒಂದು ನೋಟ್‌ಬುಕ್ ಸಾಕು. ಹೆಸರು, ತಾರೀಖು, ಆರು ತಿಂಗಳ ಅವಧಿ, ಪುಡಿ ಹರಿದರೆ ಖರ್ಚು ಯಾರದು. ದಾನ ಮಾಡಿಬಿಟ್ಟರೆ ಒಬ್ಬನಿಗೆ ಆಗುತ್ತದೆ, ಎರವಲಾದರೆ ಸುತ್ತು ಬರುತ್ತದೆ. ತಂಬೂರಿಗೆ ಜವಾರಿ ತೆಗೆಸುವುದು (ನಾದ ಚೆನ್ನಾಗಿ ಬರಲು ಕುದುರೆಯನ್ನು ಹದ ಮಾಡಿಸುವುದು), ತಂತಿ ಬದಲಿಸುವುದು ಇದ್ದರೆ ಮೀರಜಿಗೆ ಕೊಡಿ. ಧಾರವಾಡದ ದಾರಿಯಲ್ಲೇ ಸಿಗುತ್ತದೆ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಇಲ್ಲಿ ಒಂದು ಅಪಾಯ ಹೇಳಬೇಕು. ಅವರ ಜಾಗದಲ್ಲಿ ಒಬ್ಬ ಹುಡುಗ ಬಂದು ಕೂತು ತಬಲಾ ಬಾರಿಸಿದಾಗ ನಿಮ್ಮ ಮನಸ್ಸು ಅವನಿಗೆ ಅಂಟಿಕೊಳ್ಳಬಹುದು. ಊಟ, ಬಟ್ಟೆ, ಫೀಸು, ಕೊನೆಗೆ 'ಅವರು ಹೀಗೆ ಬಾರಿಸುತ್ತಿರಲಿಲ್ಲ' ಅನ್ನುವ ಮಾತು. ಪಾಪ, ಅವನು ಓಡಿಹೋಗುತ್ತಾನೆ, ಇಲ್ಲವೇ ಓಡಲಾಗದೆ ಒದ್ದಾಡುತ್ತಾನೆ. ಒಬ್ಬರನ್ನೇ ಹಿಡಿಯದೆ ಮೂರು-ನಾಲ್ಕು ಜನರನ್ನು ಸರದಿಯಲ್ಲಿ ಕರೆಯಿರಿ. ಯಾರನ್ನು ಕರೆಯಬೇಕು ಅನ್ನುವುದನ್ನು ನೀವೊಬ್ಬರೇ ನಿರ್ಧರಿಸಬೇಡಿ. ನಿಮ್ಮ ಘರಾಣೆಯವರಲ್ಲದ (ಗುರುಪರಂಪರೆಯವರಲ್ಲದ) ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೂರನೇ ಬೈಠಕ್‌ಗೆ 'ಅವರ ಶಿಷ್ಯರಿಗಷ್ಟೇ' ಅನ್ನುವ ಮಾತು ಬರುತ್ತದೆ.

ಇನ್ನು ಟ್ರಸ್ಟ್. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್ ಅಂದರೆ 1950ರ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿ. ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಟ್ರಸ್ಟಿ ಬದಲಾದರೆ 90 ದಿನದೊಳಗೆ ತಿಳಿಸಬೇಕು. ಟ್ರಸ್ಟ್‌ಗೆ ಸೇರಿದ ಮನೆಯನ್ನು ಮಾರಬೇಕಾದರೆ ಮೊದಲೇ ಆಯುಕ್ತರ ಮಂಜೂರಾತಿ ಬೇಕು. ಮುಖ್ಯವಾಗಿ, ಒಮ್ಮೆ ಕೊಟ್ಟ ಆಸ್ತಿಯನ್ನು ನಾಳೆ ಆಸ್ಪತ್ರೆ ಖರ್ಚು ಬಂತು ಅಂತ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ನಿಮ್ಮ ಫ್ಲ್ಯಾಟನ್ನು ಬರೆದುಕೊಟ್ಟರೆ ನಿಮ್ಮ ಮನೆಯಲ್ಲಿ ನೀವೇ ಟ್ರಸ್ಟಿನ ಅತಿಥಿ. ಮೈದುನರ ಉದ್ದೇಶ ಒಳ್ಳೆಯದೇ ಇರಬಹುದು. ಉದ್ದೇಶಕ್ಕೂ ಕಾಗದಕ್ಕೂ ಸಂಬಂಧ ಇಲ್ಲ.

ಟ್ರಸ್ಟ್ ಯಾವಾಗ ಬೇಕು? ಹೊರಗಿನವರ ದೇಣಿಗೆ ತೆಗೆದುಕೊಳ್ಳುವಾಗ, ಅವರಿಗೆ 80ಜಿ ಅಂತ ನಾವೆಲ್ಲ ಕರೆಯುವ ತೆರಿಗೆ ವಿನಾಯಿತಿ ಕೊಡಬೇಕಾದಾಗ. ನಿಮ್ಮ ದುಡ್ಡಿನಲ್ಲಿ ನಿಮ್ಮ ಮನೆಯಲ್ಲಿ ಬೈಠಕ್ ಮಾಡಲು ಯಾವ ನೋಂದಣಿಯೂ ಬೇಡ. ಆದರೆ ಬಳಗದವರಿಂದ ವಂತಿಗೆ ಎತ್ತಲು ಹೋಗಬೇಡಿ. ನೋಂದಣಿ ಇಲ್ಲದೆ ಹಣ ಎತ್ತುವ ಗಣೇಶ ಮಂಡಳಗಳೂ ಧರ್ಮಾದಾಯ ಕಚೇರಿಯ ಅನುಮತಿ ಪಡೆಯಬೇಕು. ನಿಮಗೆ ಆ ತಾಪತ್ರಯ ಯಾಕೆ?

ನಡುವಿನ ದಾರಿ ದತ್ತಿ. ಈಗಾಗಲೇ ನೋಂದಣಿ ಇರುವ ಸಂಸ್ಥೆಯಲ್ಲಿ ಒಂದು ಮೊತ್ತ ಇಟ್ಟು, ಬಡ್ಡಿಯಲ್ಲಿ ವರ್ಷಕ್ಕೆ ಒಬ್ಬ ಸಾಥಿದಾರನಿಗೆ ವಿದ್ಯಾರ್ಥಿವೇತನ. ಹೆಸರು ಉಳಿಯುತ್ತದೆ, ಓಡಾಟ ನಿಮ್ಮದಲ್ಲ. ಅಪಾಯ ಏನೆಂದರೆ ಕಾರ್ಯಕಾರಿ ಮಂಡಳಿ ಬದಲಾದ ಮೇಲೆ ದತ್ತಿ ಹಣ ಸಾಮಾನ್ಯ ನಿಧಿಯಲ್ಲಿ ಕರಗಿಹೋಗುವುದು. ಅಂಥ ಲೆಕ್ಕಪುಸ್ತಕಗಳನ್ನು ನಾನು ನೋಡಿದ್ದೇನೆ. ಹಾಗಾಗಿ ಪ್ರತ್ಯೇಕ ಠೇವಣಿ, ಪ್ರತಿವರ್ಷದ ಪತ್ರ, ಎರಡು ವರ್ಷ ಕೊಡದಿದ್ದರೆ ಹಣ ಯಾವ ಸಂಸ್ಥೆಗೆ ಹೋಗಬೇಕು, ಇಷ್ಟನ್ನೂ ಕರಾರಿನಲ್ಲಿ ಬರೆಸಿ. ಮೊದಲ ವರ್ಷ ಬೈಠಕ್ ಮಾಡಿ ನೋಡಿ, ನಿಮಗೆ ಈ ಕೆಲಸ ಹಿಡಿಸುತ್ತದಾ ಅಂತ ಗೊತ್ತಾಗಲಿ. ಎರಡನೇ ವರ್ಷ ದತ್ತಿ. ಟ್ರಸ್ಟ್ ಆಮೇಲೆ ನೋಡೋಣ, ಬೇಕೇ ಆದರೆ.

ಅವರ ಹಳೆಯ ರೆಕಾರ್ಡಿಂಗ್ ಇದ್ದೇ ಇರುತ್ತವೆ. ಹಾರ್ಡ್ ಡಿಸ್ಕಿಗೆ ಎರಡು ಪ್ರತಿ ಮಾಡಿಡಿ. ಯೂಟ್ಯೂಬಿಗೆ ಏರಿಸುವ ಮುಂಚೆ ಅವರು ಯಾರಿಗೆ ಸಾಥ್ ಮಾಡಿದ್ದಾರೋ ಆ ಗಾಯಕರ ಒಪ್ಪಿಗೆ ಕೇಳಿ. ಕಲಾವಿದರ ಹಕ್ಕು ಕಾರ್ಯಕ್ರಮ ನಡೆದ ಮೇಲೆ 50 ವರ್ಷ ಇರುತ್ತದೆ, ಹಾಡಿದವರದೂ, ಬಾರಿಸಿದವರದೂ.

ವರ್ಷಾಂತಿಕಕ್ಕೆ ಬಳಗದವರು ಬಿಡುವುದೇ ಇಲ್ಲ ಅಂದರೆ ಮನೆಯಲ್ಲೇ ಮಾಡಿ. ಒಬ್ಬ ಹೊಸ ತಬಲಾವಾದಕನ ಸೋಲೋ, ಒಬ್ಬ ಹೊಸ ಗಾಯಕಿಯ ಒಂದೂವರೆ ತಾಸು. ಭಾಷಣ ಬೇಡ. ನೀವು ಅವತ್ತು ಹಾಡಲೇಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ 'ಗಂಟಲು ಡಾಕ್ಟರು ಬೇಡ ಅಂದಿದ್ದಾರೆ' ಅನ್ನಿ. ಯಾರೂ ಎರಡನೇ ಮಾತಾಡುವುದಿಲ್ಲ.

ಕನ್ನಡದವರಿಗಷ್ಟೇ ಮಾಡಲಾ ಅಂತ ಕೇಳಿದ್ದಿರಿ. ಬೇಡ. ನಿಮ್ಮ ಯಜಮಾನರು ಸಾಥ್ ಮಾಡುವಾಗ ಜಾತಕ ಕೇಳಿರಲಿಕ್ಕಿಲ್ಲ. ಕೋಥ್ರೂಡಿನಲ್ಲಿ ಬೈಠಕ್‌ಗೆ ಬಂದು ಕೂರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮರಾಠಿಯವರೇ ಇರುತ್ತಾರೆ, ಚೆನ್ನಾಗಿ ಕೇಳುತ್ತಾರೆ ಕೂಡ. ಕರೆಯೋಲೆ ಎರಡೂ ಭಾಷೆಯಲ್ಲಿ ಕಳಿಸಿ. ಬಳಗದವರಿಗೆ ಬೇಜಾರಾಗದ ಹಾಗೆ ಕೊನೆಗೆ ಒಂದು ವಚನವನ್ನೋ ದಾಸರ ಪದವನ್ನೋ ಹಾಡಿಸಿ, ಆಮೇಲೆ ಒಂದು ಅಭಂಗ. ಉಪ್ಪಿಟ್ಟಿಗೆ ಸಕ್ಕರೆ ಹಾಕುವ ವಿಚಾರದಲ್ಲಿ ಎರಡೂ ಕಡೆಯವರು ಜಗಳವಾಡಿದರೆ ಅದಕ್ಕೆ ನನ್ನ ಹತ್ತಿರ ಸಲಹೆ ಇಲ್ಲ.